ಮಗುವಿನ ಸ್ಪೀಚ್ ಥೆರಪಿಗೆ ಸರ್ಕಾರದ ನೆರವು: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮಗನಿಗೆ ಈಗ ಒಂಬತ್ತು ವರ್ಷ. ಆಟಿಸಂ ಇದೆ ಅಂತ ಗೊತ್ತಾದಾಗ ಮೂರು ತುಂಬಿತ್ತು. ಆಗ ಅವನ ಬಾಯಲ್ಲಿ ಒಂದು ಮಾತೂ ಇರಲಿಲ್ಲ. ನಾವಿರುವುದು ತಾಲೂಕು ಕೇಂದ್ರದಲ್ಲಿ, ನಮ್ಮದು ಸಣ್ಣ ಅಂಗಡಿ. ವಾರಕ್ಕೆ ಮೂರು ಸಲ ಖಾಸಗಿ ಥೆರಪಿ, ಒಂದು ಸಲಕ್ಕೆ 700 ರೂಪಾಯಿ. ತಿಂಗಳಿಗೆ ಒಂಬತ್ತು ಸಾವಿರ, ಬಸ್ಸಿನ ಖರ್ಚು ಬೇರೆ. ನಾಲ್ಕು ತಿಂಗಳು ಹೇಗೋ ಕಟ್ಟಿದೆವು. ಐದನೇ ತಿಂಗಳು ನನ್ನ ಬಳೆ ಅಡ ಇಟ್ಟೆವು. ಸರ್ಕಾರದಿಂದ ಏನಾದರೂ ಸಿಗುತ್ತಾ ಅಂತ ವಿಚಾರಿಸಲು ಹೊರಟಿದ್ದು ಆಮೇಲೆ. ಅದು ಮೊದಲನೇ ತಿಂಗಳೇ ಆಗಬೇಕಿತ್ತು.

ಆ ದಿನದಿಂದ ಈವರೆಗೆ ನಮ್ಮ ಕಡೆಯ ಎಷ್ಟೋ ಅಪ್ಪ ಅಮ್ಮಂದಿರು ನನಗೆ ಫೋನ್ ಮಾಡಿದ್ದಾರೆ. ಎಲ್ಲರೂ ಕೇಳುವುದು ಹೆಚ್ಚು ಕಡಿಮೆ ಇವೇ ಪ್ರಶ್ನೆಗಳು. ಇಲ್ಲಿರುವುದೆಲ್ಲ ಕರ್ನಾಟಕದಲ್ಲಿ ಇರುವವರಿಗೆ.

ಸ್ಪೀಚ್ ಥೆರಪಿಗೆ ಅಂತ ಸರ್ಕಾರ ಕೈಗೆ ದುಡ್ಡು ಕೊಡುತ್ತಾ?

ನೇರವಾಗಿ ಹೇಳುತ್ತೇನೆ. "ಥೆರಪಿ ಭತ್ಯೆ" ಅಂತ ತಿಂಗಳು ತಿಂಗಳು ಖಾತೆಗೆ ಬೀಳುವ ಯೋಜನೆಯನ್ನು ಹುಡುಕುತ್ತಾ ದಿನ ಕಳೆಯಬೇಡಿ. ನಮ್ಮಲ್ಲಿ ಸರ್ಕಾರದ ನೆರವು ಬರುವುದು ಮುಖ್ಯವಾಗಿ ಮೂರು ದಾರಿಯಲ್ಲಿ. ಒಂದು, ಥೆರಪಿಯನ್ನೇ ಉಚಿತವಾಗಿ ಇಲ್ಲವೇ ಬಹಳ ಕಡಿಮೆ ದುಡ್ಡಿಗೆ ಕೊಡುವ ಸರ್ಕಾರಿ ಜಾಗಗಳು. ಎರಡು, ನಿರಾಮಯ ಅನ್ನುವ ವಿಮೆ. ಇದರಲ್ಲಿ ನೀವು ಕಟ್ಟಿದ ಥೆರಪಿ ಫೀಸಿನ ಒಂದು ಪಾಲು ವಾಪಸ್ ಬರುತ್ತದೆ. ಮೂರು, ಮಾಸಾಶನ, ಪಂಚಾಯಿತಿ ಅನುದಾನ, ತೆರಿಗೆ ವಿನಾಯಿತಿಯಂಥವು. ಇವು ಥೆರಪಿಗೆ ಅಂತಲೇ ಇರುವುದಲ್ಲ, ಆದರೆ ಮನೆ ಖರ್ಚಿನ ಭಾರ ಒಂದಿಷ್ಟು ಇಳಿಸುತ್ತವೆ.

ಮೂರನ್ನೂ ಜೊತೆಜೊತೆಗೆ ಹಿಡಿಯಬೇಕು. ಒಂದು ಸಿಕ್ಕಿತು ಅಂತ ಇನ್ನೊಂದನ್ನು ಬಿಡಬೇಡಿ.

ಯುಡಿಐಡಿ ಕಾರ್ಡ್ (ಅಂಗವೈಕಲ್ಯದ ಗುರುತಿನ ಚೀಟಿ) ಕೈಗೆ ಬಂದ ಮೇಲೆ ಥೆರಪಿ ಶುರು ಮಾಡೋಣ ಅಂತಿದ್ದೇವೆ. ಸರಿಯಾ?

ದಯವಿಟ್ಟು ಹಾಗೆ ಮಾಡಬೇಡಿ. ನನಗೆ ಬರುವ ಫೋನುಗಳಲ್ಲಿ ಹೆಚ್ಚು ಸಂಕಟ ಆಗುವುದು ಈ ಮಾತು ಕೇಳಿದಾಗ. ಕಾರ್ಡಿಗೆ ತಿಂಗಳುಗಳೇ ಹಿಡಿಯಬಹುದು. ಮಗುವಿನ ಮೊದಲ ಐದಾರು ವರ್ಷ ಮಾತ್ರ ಯಾರಿಗೂ ಕಾಯುವುದಿಲ್ಲ. ಮಾತು ಕಲಿಯಲು ಮಿದುಳು ಹದವಾಗಿ ಇರುವುದೇ ಆ ವಯಸ್ಸಿನಲ್ಲಿ.

ಜಿಲ್ಲಾಸ್ಪತ್ರೆಯ ಥೆರಪಿಗಾಗಲೀ ಮೈಸೂರಿನ ವಾಕ್ ಶ್ರವಣ ಸಂಸ್ಥೆಗಾಗಲೀ ಕಾರ್ಡ್ ಇಲ್ಲದೆಯೇ ಹೋಗಬಹುದು. ಆಧಾರ್ ಮತ್ತು ಮಗುವಿನ ಹಳೆಯ ಚೀಟಿಗಳು ಇದ್ದರೆ ಸಾಕು. ಈ ಕಡೆ ಥೆರಪಿ ನಡೆಯುತ್ತಿರಲಿ, ಆ ಕಡೆ ಕಾಗದ ಓಡಾಡುತ್ತಿರಲಿ.

ಮೊದಲು ಹೋಗಬೇಕಾದದ್ದು ಎಲ್ಲಿಗೆ?

ಕಿವಿಯ ಪರೀಕ್ಷೆಗೆ. ಮಾತು ಬಾರದ ಯಾವುದೇ ಮಗುವಿಗೆ ಮೊದಲು ನೋಡಬೇಕಾದದ್ದು ಕಿವಿ ಕೇಳುತ್ತದೆಯೇ ಅಂತ. "ಬಾಗಿಲು ಬಡಿದರೆ ತಿರುಗ್ತಾಳೆ, ಕಿವಿ ಚೆನ್ನಾಗೇ ಇದೆ" ಅಂತ ಮನೆಯಲ್ಲಿ ನಾವೇ ತೀರ್ಮಾನ ಮಾಡಿಬಿಡುತ್ತೇವೆ. ದೊಡ್ಡ ಸದ್ದು ಕೇಳಿಸಿಯೂ ಮಾತಿನ ಸೂಕ್ಷ್ಮ ಸದ್ದುಗಳು ಕೇಳಿಸದೆ ಇರಬಹುದು. ಸಣ್ಣ ಮಕ್ಕಳಿಗೆ ಮಲಗಿಸಿ ಮಾಡುವ ಬೆರಾ ಪರೀಕ್ಷೆ ಇದೆ. ಅದರ ವರದಿ ಮುಂದೆ ಎಲ್ಲ ಕಡೆಯೂ ಕೇಳುತ್ತಾರೆ, ಜೋಪಾನವಾಗಿ ಇಟ್ಟುಕೊಳ್ಳಿ.

ಅಲ್ಲಿಂದ ಜಿಲ್ಲಾಸ್ಪತ್ರೆಯ ಡಿಇಐಸಿಗೆ ಹೋಗಿ. ಇದು ಮಕ್ಕಳ ತೊಂದರೆಯನ್ನು ಬೇಗ ಗುರುತಿಸಿ ಥೆರಪಿ ಶುರು ಮಾಡುವ ಕೇಂದ್ರ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಭಾಗ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಡಾಕ್ಟರುಗಳ ತಂಡ ಬಂದು ಮಕ್ಕಳನ್ನು ನೋಡಿ ಹೋಗುತ್ತದಲ್ಲ, ಅದೇ ಕಾರ್ಯಕ್ರಮ. ಹುಟ್ಟಿದ ಮಗುವಿನಿಂದ 18 ವರ್ಷದವರೆಗೆ ಇದು ನೋಡಿಕೊಳ್ಳುತ್ತದೆ. ಡಿಇಐಸಿಯಲ್ಲಿ ಮಕ್ಕಳ ಡಾಕ್ಟರ್, ಸ್ಪೀಚ್ ಥೆರಪಿಸ್ಟ್, ಸೈಕಾಲಜಿಸ್ಟ್, ಫಿಸಿಯೋಥೆರಪಿಸ್ಟ್ ಎಲ್ಲರೂ ಒಂದೇ ಕಡೆ ಇರಬೇಕು ಅನ್ನುವುದು ವ್ಯವಸ್ಥೆ. ಥೆರಪಿ ಉಚಿತ. ಆದರೆ ಸ್ಪೀಚ್ ಥೆರಪಿಸ್ಟ್ ಹುದ್ದೆ ಖಾಲಿ ಬಿದ್ದಿರುವುದೂ ಉಂಟು. ಅರವತ್ತು ಕಿಲೋಮೀಟರ್ ದೂರದಿಂದ ಮಗು ಎತ್ತಿಕೊಂಡು ಹೋಗಿ ಬರಿಗೈಲಿ ಬರುವುದಕ್ಕಿಂತ, ಯಾವ ದಿನ ಇರುತ್ತಾರೆ ಅಂತ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ನಿಮ್ಮೂರಿನ ಆಶಾ ಕಾರ್ಯಕರ್ತೆಗೋ ಅಂಗನವಾಡಿ ಟೀಚರಿಗೋ ಹೇಳಿದರೆ ಅವರು ವಿಚಾರಿಸಿ ಹೇಳುತ್ತಾರೆ.

ಮೈಸೂರಿನ "ಆಯಿಷ್" ಬಗ್ಗೆ ಎಲ್ಲರೂ ಹೇಳುತ್ತಾರೆ. ಅಷ್ಟು ದೂರ ಹೋಗುವುದು ಹೇಗೆ?

ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲಿದೆ. 1965ರಲ್ಲಿ ಶುರುವಾದದ್ದು, ಕೇಂದ್ರ ಆರೋಗ್ಯ ಇಲಾಖೆಯದು. ಮಾತು ಮತ್ತು ಕಿವಿಯ ವಿಷಯದಲ್ಲಿ ಇಡೀ ದೇಶ ನೋಡುವ ಜಾಗ ನಮ್ಮ ರಾಜ್ಯದಲ್ಲೇ ಇರುವುದು ನಮ್ಮ ಭಾಗ್ಯ. ಖಾಸಗಿ ಕಡೆ ಮೂರು ನಾಲ್ಕು ಕಡೆ ಅಲೆದು ಮಾಡಿಸುವ ಪರೀಕ್ಷೆಗಳು ಇಲ್ಲಿ ಒಂದೇ ಆವರಣದಲ್ಲಿ ಆಗುತ್ತವೆ, ದುಡ್ಡೂ ಕಡಿಮೆ. ಬಿಪಿಎಲ್ ಕಾರ್ಡ್ ಇದ್ದರೆ ನೋಂದಣಿ ಕೌಂಟರಿನಲ್ಲೇ ತೋರಿಸಿ ರಿಯಾಯಿತಿ ಕೇಳಿ.

ದೂರದವರು ದಿನಾ ಬರಲು ಆಗುವುದಿಲ್ಲ ಅಂತ ಅವರಿಗೂ ಗೊತ್ತು. ಕೆಲವು ದಿನ ಅಲ್ಲೇ ಉಳಿದು, ಥೆರಪಿ ಮಾಡುವ ಬಗೆಯನ್ನು ನೋಡಿ ಕಲಿತು, ಮನೆಯಲ್ಲಿ ಮಾಡಿಸಬೇಕಾದ್ದನ್ನು ಬರೆಸಿಕೊಂಡು ಬರಬಹುದು. ಆನ್‌ಲೈನ್ ಥೆರಪಿಯ ಬಗ್ಗೆಯೂ ಕೇಳಿ ನೋಡಿ. ಅಲ್ಲಿನ ಪ್ರೀಸ್ಕೂಲಿನಲ್ಲಿ ಅಮ್ಮಂದಿರೂ ಮಗುವಿನ ಜೊತೆ ಕೂತು ಕಲಿಯುತ್ತಾರೆ. ಅದಕ್ಕಾಗಿಯೇ ಮೈಸೂರಿನಲ್ಲಿ ಬಾಡಿಗೆ ಮನೆ ಮಾಡಿಕೊಂಡು ವರ್ಷಗಟ್ಟಲೆ ಇರುವ ತಾಯಂದಿರಿದ್ದಾರೆ.

ನಾನು ಉಳಿದದ್ದು ಹನ್ನೆರಡು ದಿನ. ಅಲ್ಲಿ ಕಲಿತ ಒಂದು ವಿಷಯ ಹೇಳುತ್ತೇನೆ. ಮಗ ಇಡ್ಲಿಯ ಕಡೆ ಕೈ ಚಾಚಿದರೆ ನಾನು ತಕ್ಷಣ ತಟ್ಟೆಗೆ ಹಾಕಿಬಿಡುತ್ತಿದ್ದೆ. ಅಲ್ಲಿನ ಹುಡುಗಿ ಹೇಳಿದ್ದು ಇಷ್ಟೇ: "ಇಡ್ಲಿ ಕೈಯಲ್ಲಿ ಹಿಡ್ಕೊಳಿ ಅಮ್ಮ, 'ಬೇಕು' ಅನ್ನಿ, ಐದು ಎಣಿಸಿ, ಆಮೇಲೆ ಕೊಡಿ." ದಿನಾ ಬೆಳಿಗ್ಗೆ ಹಾಗೇ ಮಾಡಿದೆ. ಎರಡು ತಿಂಗಳು ಏನೂ ಆಗಲಿಲ್ಲ. ಒಂದು ದಿನ ನಾನು ಎಣಿಸುತ್ತಿರುವಾಗ ಅವನು "ಬೇ" ಅಂದ. ನನ್ನ ಕೈಲಿದ್ದ ಇಡ್ಲಿ ಕೆಳಗೆ ಬಿತ್ತು. ಆ "ಬೇ" ಮುಂದಿನ ಯುಗಾದಿ ಹೊತ್ತಿಗೆ "ಬೇಕು" ಆಯಿತು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸ್ಪೀಚ್ ವಿಭಾಗ ಇದೆ. ಮಧ್ಯ ಕರ್ನಾಟಕದವರಿಗೆ ದಾವಣಗೆರೆಯಲ್ಲಿ ಕೇಂದ್ರ ಸರ್ಕಾರದ ಸಿಆರ್‌ಸಿ, ಅಂದರೆ ವಿಕಲಚೇತನರ ಪುನರ್ವಸತಿ ಕೇಂದ್ರ ಇದೆ. ನಿಮ್ಮ ಜಿಲ್ಲೆಯಲ್ಲಿ ಮೆಡಿಕಲ್ ಕಾಲೇಜು ಇದ್ದರೆ ಅದರ ಕಿವಿ ಮೂಗು ಗಂಟಲು ವಿಭಾಗದಲ್ಲೂ ಸ್ಪೀಚ್ ಥೆರಪಿಸ್ಟ್ ಇದ್ದಾರಾ ಕೇಳಿ.

ನಮ್ಮ ಮಗುವಿಗೆ ಬೇರೇನೂ ತೊಂದರೆ ಇಲ್ಲ, ಬರೀ ಮಾತು ತಡ. ಅಂಗವೈಕಲ್ಯ ಸರ್ಟಿಫಿಕೇಟ್ ಸಿಗುತ್ತಾ?

ಸಾಮಾನ್ಯವಾಗಿ ಸಿಗುವುದಿಲ್ಲ. ಇದನ್ನು ಸರಿಯಾಗಿ ತಿಳಿದುಕೊಂಡರೆ ಸುಮ್ನೆ ಓಡಾಡುವುದು ತಪ್ಪುತ್ತದೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಅದರಲ್ಲಿ "ವಾಕ್ ಮತ್ತು ಭಾಷಾ ನ್ಯೂನತೆ" ಅಂತಲೂ ಇದೆ. ಹೆಸರು ನೋಡಿ "ಇದು ನಮ್ಮ ಮಗುವಿಗೇ ಹೇಳಿದ್ದು" ಅಂತ ಅರ್ಜಿ ಹಾಕುತ್ತಾರೆ. ಆದರೆ ಕಾಯ್ದೆಯ ಅರ್ಥದಲ್ಲಿ ಅದು ಶಾಶ್ವತವಾದ ತೊಂದರೆ: ಧ್ವನಿಪೆಟ್ಟಿಗೆ ತೆಗೆದವರು, ಮಿದುಳಿಗೆ ಪೆಟ್ಟಾಗಿ ಮಾತು ಹೋದವರು, ಹೀಗೆ ದೇಹದ ಅಥವಾ ನರದ ಕಾರಣದಿಂದ ಮಾತು ಕಳೆದುಕೊಂಡವರು. ಎರಡೂವರೆ ವರ್ಷದ ಮಗು ಇನ್ನೂ ಮಾತಾಡುತ್ತಿಲ್ಲ ಅನ್ನುವುದು ಅದರೊಳಗೆ ಬರುವುದಿಲ್ಲ. ಉಗ್ಗು ಕೂಡ ಸಾಮಾನ್ಯವಾಗಿ ಬರುವುದಿಲ್ಲ.

ಮಾತು ತಡವಾಗಲು ಹಿಂದೆ ಬೇರೊಂದು ಕಾರಣ ಇದ್ದರೆ ಆ ಕಾರಣದ ಮೇಲೆ ಸರ್ಟಿಫಿಕೇಟ್ ಸಿಗುತ್ತದೆ. ಆಟಿಸಂ, ಬುದ್ಧಿಮಾಂದ್ಯ, ಸೆರೆಬ್ರಲ್ ಪಾಲ್ಸಿ, ಶ್ರವಣದೋಷ, ಇವೆಲ್ಲ ಪಟ್ಟಿಯಲ್ಲಿವೆ. ಶ್ರವಣದೋಷಕ್ಕೆ ಅಳತೆ ಇದೆ: ಎರಡೂ ಕಿವಿಯಲ್ಲಿ 60ರಿಂದ 70 ಡೆಸಿಬಲ್ ನಷ್ಟವಿದ್ದರೆ ಮಂದ ಶ್ರವಣ, 70 ದಾಟಿದರೆ ಕಿವುಡು.

ಬರೀ ತಡ ಅಂತಾದರೆ ಬೇಜಾರು ಮಾಡಿಕೊಳ್ಳಬೇಡಿ. ಸರ್ಟಿಫಿಕೇಟ್ ಇಲ್ಲದಿದ್ದರೂ ಡಿಇಐಸಿ, ಆಯಿಷ್ ಬಾಗಿಲು ತೆರೆದೇ ಇರುತ್ತದೆ. ಸೀಳು ತುಟಿ, ಸೀಳು ಅಂಗುಳ ಇರುವ ಮಕ್ಕಳ ಆಪರೇಷನ್ ಕೂಡ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಉಚಿತವಾಗಿ ಆಗುತ್ತದೆ.

ಯುಡಿಐಡಿ ಕಾರ್ಡ್ ಮಾಡಿಸುವುದು ಹೇಗೆ?

ಅರ್ಜಿ ಹಾಕುವುದು ಆನ್‌ಲೈನಿನಲ್ಲಿ, ಸ್ವಾವಲಂಬನ್ ಕಾರ್ಡ್ ಪೋರ್ಟಲಿನಲ್ಲಿ. ಮಗುವಿನ ಆಧಾರ್, ಫೋಟೋ, ವಿಳಾಸದ ದಾಖಲೆ ಬೇಕು. ಅರ್ಜಿಗೆ ಶುಲ್ಕ ಇಲ್ಲ. "ಎರಡು ಸಾವಿರ ಕೊಡಿ, ನಾನು ಮಾಡಿಸಿಕೊಡ್ತೀನಿ" ಅನ್ನುವವರಿಗೆ ಒಂದು ಪೈಸೆಯೂ ಕೊಡಬೇಡಿ.

ಕಂಪ್ಯೂಟರ್ ಬಾರದಿದ್ದರೆ ಚಿಂತೆ ಇಲ್ಲ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು ಅಂತ ಒಬ್ಬರಿರುತ್ತಾರೆ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ತಾಲೂಕಿನಲ್ಲಿ ಎಂಆರ್‌ಡಬ್ಲ್ಯು, ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಈ ಕೆಲಸ ಮಾಡಿಸಿಕೊಡಲೆಂದೇ ವಿಕಲಚೇತನರ ಸಬಲೀಕರಣ ಇಲಾಖೆ ಅವರನ್ನು ಇಟ್ಟಿರುವುದು. ಅವರಲ್ಲಿ ಹೆಚ್ಚಿನವರು ಸ್ವತಃ ವಿಕಲಚೇತನರು, ಕಾಗದದ ದಾರಿಯಲ್ಲಿ ಎಲ್ಲಿ ಕಲ್ಲು ಮುಳ್ಳು ಅಂತ ಅವರಿಗೆ ಚೆನ್ನಾಗಿ ಗೊತ್ತು. ನಮ್ಮ ಅರ್ಜಿ ಮುಂದೆ ಹೋದದ್ದು ಅಂಥ ಒಬ್ಬರಿಂದಲೇ. ತ್ರಿಚಕ್ರ ಸ್ಕೂಟರಿನಲ್ಲಿ ಮನೆಗೇ ಬಂದು ಮಗನ ಫೋಟೋ ತೆಗೆದುಕೊಂಡು ಹೋದರು.

2024ರ ಅಕ್ಟೋಬರಿನಲ್ಲಿ ನಿಯಮ ಬದಲಾಯಿತು. ಈಗ ಕಾರ್ಡಿನ ಬಣ್ಣ ನೋಡಿದರೆ ಅಂಗವೈಕಲ್ಯದ ಪ್ರಮಾಣ ಗೊತ್ತಾಗುತ್ತದೆ. ಶೇ 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಅದಕ್ಕಿಂತ ಜಾಸ್ತಿ ಇದ್ದರೆ ನೀಲಿ. ಸರ್ಟಿಫಿಕೇಟ್ ಕೊಡಲು ಮೊದಲು ಒಂದು ತಿಂಗಳ ಗಡುವು ಇತ್ತು, ಈಗ ಅದು ಮೂರು ತಿಂಗಳು.

ಮೆಡಿಕಲ್ ಬೋರ್ಡಿನ ಮುಂದೆ ಏನಾಗುತ್ತದೆ?

ಅರ್ಜಿ ಹಾಕಿದ ಮೇಲೆ ಜಿಲ್ಲಾಸ್ಪತ್ರೆಗೆ, ಇಲ್ಲವೇ ನೀವು ಆರಿಸಿದ ಆಸ್ಪತ್ರೆಗೆ ಮಗುವನ್ನು ಕರೆದುಕೊಂಡು ಹೋಗಬೇಕು. ಅಂಗವೈಕಲ್ಯ ಎಷ್ಟು ಅಂತ ಅಳೆಯುವ ಅಲ್ಲಿನ ಡಾಕ್ಟರುಗಳ ತಂಡವೇ ಮೆಡಿಕಲ್ ಬೋರ್ಡು. ಆಟಿಸಂಗೆ ಐಎಸ್‌ಎಎ ಅನ್ನುವ ಅಳತೆ ಬಳಸುತ್ತಾರೆ. ಅದರಲ್ಲಿ 40 ಅಂಶಗಳಿವೆ, ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ. ಅದರ ಆರು ವಿಭಾಗಗಳಲ್ಲಿ ಮಾತು ಮತ್ತು ಸಂವಹನವೂ ಒಂದು. ಬುದ್ಧಿಮಾಂದ್ಯಕ್ಕೆ ಐಕ್ಯೂ ಪರೀಕ್ಷೆ ಮತ್ತು ದಿನನಿತ್ಯದ ಕೆಲಸ ಎಷ್ಟು ಮಾಡುತ್ತಾರೆ ಅನ್ನುವ ಪರೀಕ್ಷೆ. ಐದು ವರ್ಷದೊಳಗಿನ ಮಕ್ಕಳಿಗೆ ಸಾಮಾನ್ಯವಾಗಿ ತಾತ್ಕಾಲಿಕ ಸರ್ಟಿಫಿಕೇಟ್ ಕೊಡುತ್ತಾರೆ, ಆಮೇಲೆ ಮತ್ತೆ ಪರೀಕ್ಷೆ ಮಾಡಿಸಿ ನವೀಕರಿಸಬೇಕು.

ನಾವು ಹೋದ ದಿನ ಬೆಳಿಗ್ಗೆ ಎಂಟಕ್ಕೆ ತಲುಪಿದ್ದೆವು, ಕರೆದದ್ದು ಮಧ್ಯಾಹ್ನ ಒಂದೂವರೆಗೆ. ಅಷ್ಟು ಹೊತ್ತೂ ಮಗ ಕಾರಿಡಾರಿನ ನೆಲದ ಮೇಲೆ ಕೂತು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದ. ಅದು ನಿಂತರೆ ಮತ್ತೆ ತಿರುಗಿಸುವುದು. ಒಳಗೆ ಹೋದ ಮೇಲೆ ಡಾಕ್ಟರ್ ಕೇಳಿದರು, "ಹೆಸರು ಕರೆದರೆ ತಿರುಗಿ ನೋಡ್ತಾನಾ?" ನಾನು "ಹೂಂ ಸಾರ್, ನೋಡ್ತಾನೆ" ಅಂದೆ. ಪಕ್ಕದಲ್ಲಿದ್ದ ನಮ್ಮತ್ತೆ ತಡೆದರು. "ಇಲ್ಲ ಸಾರ್. ನೋಡಲ್ಲ. ಒಂದು ದಿನಾನೂ ನೋಡಿಲ್ಲ." ನನಗೆ ಅಳು ಬಂತು. ಆದರೆ ನಿಜ ಹೇಳಿದ್ದು ಅವರೇ.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಹೊರಗಿನವರ ಮುಂದೆ ಮಗುವನ್ನು ಬಿಟ್ಟುಕೊಡಲು ನಮಗೆ ಮನಸ್ಸು ಬರುವುದಿಲ್ಲ. ಹತ್ತು ಸಲದಲ್ಲಿ ಒಂದು ಸಲ ಮಾಡಿದ್ದನ್ನು "ಮಾಡ್ತಾನೆ" ಅಂದುಬಿಡುತ್ತೇವೆ. ಅಲ್ಲಿ ಅಂಕ ಬೀಳುವುದು ಆ ಉತ್ತರದ ಮೇಲೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ, ಹೆಚ್ಚು ಮಾಡಿಯೂ ಹೇಳಬೇಡಿ. ಹಿಂದಿನ ವಾರ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ: ಎಷ್ಟು ಪದ ಹೇಳುತ್ತಾನೆ, ಊಟ ಬೇಕಾದರೆ ಏನು ಮಾಡುತ್ತಾನೆ, ರಾತ್ರಿ ಎಷ್ಟು ಸಲ ಏಳುತ್ತಾನೆ, ಯಾವ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಾನೆ. ಮನೆಯಲ್ಲಿ ತೆಗೆದ ಎರಡು ನಿಮಿಷದ ಮೊಬೈಲ್ ವಿಡಿಯೋ ಇದ್ದರೆ ಇನ್ನೂ ಒಳ್ಳೆಯದು. ತಿಂಡಿ, ನೀರು, ಅವನಿಗೆ ಇಷ್ಟವಾದ ಒಂದು ಆಟದ ಸಾಮಾನು, ಒಂದು ಜೊತೆ ಬಟ್ಟೆ ತಪ್ಪದೆ ಒಯ್ಯಿರಿ.

ಮೊದಲನೇ ಸಲ ನಮ್ಮನ್ನು ವಾಪಸ್ ಕಳಿಸಿದರು. ಹಳೆಯ ವರದಿಯಲ್ಲಿ ಸಹಿ ಇತ್ತು, ಸೀಲ್ ಇರಲಿಲ್ಲ. ಅದೊಂದಕ್ಕೆ ಮತ್ತೆ ಐದು ವಾರ ಹೋಯಿತು. ಪ್ರತಿ ವರದಿಯಲ್ಲೂ ಸಹಿ, ಸೀಲ್, ತಾರೀಕು, ನೋಂದಣಿ ಸಂಖ್ಯೆ ಇದೆಯಾ ಅಂತ ಮನೆಯಲ್ಲೇ ನೋಡಿಕೊಂಡು ಹೊರಡಿ.

ಶೇ 40ಕ್ಕಿಂತ ಕಡಿಮೆ ಬರೆದಿದ್ದಾರೆ. ಏನು ಮಾಡಲಿ?

ಹೆಚ್ಚಿನ ಸೌಲಭ್ಯಗಳಿಗೆ ಶೇ 40 ಇರಲೇಬೇಕು. ತಪ್ಪಾಗಿ ಅಳೆದಿದ್ದಾರೆ ಅನ್ನಿಸಿದರೆ ಮೇಲ್ಮನವಿ ಹಾಕುವ ಹಕ್ಕು 2016ರ ಕಾಯ್ದೆಯ 59ನೇ ಸೆಕ್ಷನ್ನಿನಲ್ಲೇ ಇದೆ. ಯಾರಿಗೆ ಕೊಡಬೇಕು ಅಂತ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ಕೇಳಿ. ಮೇಲ್ಮನವಿಯ ಜೊತೆ ಹೊಸ ವರದಿ ಇದ್ದರೆ ಬಲ ಬರುತ್ತದೆ. ಅರ್ಜಿಯನ್ನು ಸುಮ್ನೆ ಇಟ್ಟುಕೊಂಡು ಕೂತಿದ್ದಾರೆ ಅಂತಾದರೆ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಬರೆಯಬಹುದು. ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಬರೆದರೆ ಸಾಕು.

ನಿರಾಮಯ ಅಂದರೆ ಏನು? ಥೆರಪಿ ಫೀಸು ನಿಜವಾಗಿ ವಾಪಸ್ ಬರುತ್ತಾ?

ಬರುತ್ತದೆ. ನಮಗೆ ಬಂದಿದೆ.

ಇದು ಕೇಂದ್ರದ ನ್ಯಾಷನಲ್ ಟ್ರಸ್ಟ್ ನಡೆಸುವ ಆರೋಗ್ಯ ವಿಮೆ. 1999ರ ಕಾಯ್ದೆಯಿಂದ ಹುಟ್ಟಿದ ಈ ಟ್ರಸ್ಟ್ ನೋಡಿಕೊಳ್ಳುವುದು ನಾಲ್ಕೇ ನಾಲ್ಕು ಬಗೆಯವರನ್ನು: ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ. ಕಿವಿ ಕೇಳದಿರುವುದು ಒಂದೇ ಇದ್ದರೆ ನಿರಾಮಯ ಸಿಗುವುದಿಲ್ಲ. ಇದು ಗೊತ್ತಿಲ್ಲದೆ ಅರ್ಜಿ ಹಾಕಿ ನಿರಾಶೆ ಪಟ್ಟವರನ್ನು ನೋಡಿದ್ದೇನೆ.

ವರ್ಷಕ್ಕೆ ಒಟ್ಟು 1 ಲಕ್ಷ ರೂಪಾಯಿವರೆಗೆ ರಕ್ಷಣೆ. ಸೇರುವಾಗ ಬಿಪಿಎಲ್‌ನವರಿಗೆ 250, ಉಳಿದವರಿಗೆ 500 ರೂಪಾಯಿ. ಮುಂದೆ ನವೀಕರಣಕ್ಕೆ ಬಿಪಿಎಲ್‌ಗೆ 50, ಉಳಿದವರಿಗೆ 250. ಸೇರುವ ಮೊದಲು ವೈದ್ಯಕೀಯ ಪರೀಕ್ಷೆ ಇಲ್ಲ. ವಯಸ್ಸಿನ ಮಿತಿ ಇಲ್ಲ. "ಮೊದಲೇ ಇದ್ದ ಕಾಯಿಲೆ, ಕೊಡಲ್ಲ" ಅನ್ನುವ ಮಾತೂ ಇಲ್ಲ. ಇಂಥ ಇನ್ನೊಂದು ವಿಮೆ ನನಗಂತೂ ಕಂಡಿಲ್ಲ.

ಆದರೆ ಇಡೀ 1 ಲಕ್ಷ ಥೆರಪಿಗೆ ಅಂತ ತಿಳಿಯಬೇಡಿ. ಆಸ್ಪತ್ರೆ ದಾಖಲಾತಿಗೆ ಇಷ್ಟು, ಹೊರರೋಗಿ ಖರ್ಚಿಗೆ ಇಷ್ಟು, ಥೆರಪಿಗೆ ಇಷ್ಟು ಅಂತ ಒಳಗೆ ಪಾಲು ಮಾಡಿದ್ದಾರೆ. ನಮಗೆ ವರ್ಷಕ್ಕೆ ಸಿಕ್ಕಿದ್ದು ಸುಮಾರು ಎರಡು ತಿಂಗಳ ಖಾಸಗಿ ಫೀಸಿನಷ್ಟು. ಕಡಿಮೆ ಅನ್ನಿಸಬಹುದು. ಆದರೆ ಬಳೆ ಬಿಡಿಸಿಕೊಂಡದ್ದು ಆ ದುಡ್ಡಿನಿಂದಲೇ.

ದುಡ್ಡು ಸಿಗದೆ ಹೋಗುವುದು ಹೆಚ್ಚಾಗಿ ಕಾಗದದಿಂದ, ಅದಕ್ಕೆ ಇದನ್ನು ವಿವರವಾಗಿ ಹೇಳುತ್ತೇನೆ. ಇಲ್ಲಿ ಕ್ಯಾಶ್‌ಲೆಸ್ ಇಲ್ಲ. ಮೊದಲು ನೀವು ಕಟ್ಟಬೇಕು, ಬಿಲ್ಲು ಕಳಿಸಬೇಕು, ಆಮೇಲೆ ಖಾತೆಗೆ ಬರುತ್ತದೆ. ಕ್ಲೇಮನ್ನು 30 ದಿನದೊಳಗೆ ಕಳಿಸಬೇಕು. ಮೂರು ನಾಲ್ಕು ತಿಂಗಳ ಬಿಲ್ಲು ಕಟ್ಟಿಟ್ಟು ಒಟ್ಟಿಗೆ ಕಳಿಸಿದರೆ ಹಳೆಯದೆಲ್ಲ ತಿರಸ್ಕಾರ ಆಗುತ್ತದೆ. ತಿಂಗಳು ಮುಗಿದ ಕೂಡಲೇ ಆ ತಿಂಗಳದ್ದು ಕಳಿಸಿ. ಡಾಕ್ಟರ್ "ಈ ಮಗುವಿಗೆ ಸ್ಪೀಚ್ ಥೆರಪಿ ಅಗತ್ಯ" ಅಂತ ಬರೆದ ಚೀಟಿ ಇರಬೇಕು. ಬಿಲ್ಲಿನಲ್ಲಿ ಮಗುವಿನ ಹೆಸರು, ಯಾವ ಯಾವ ತಾರೀಕು ಥೆರಪಿ ಆಯಿತು, ಒಂದಕ್ಕೆ ಎಷ್ಟು ಅನ್ನುವುದು ಬಿಡಿಬಿಡಿಯಾಗಿ ಇರಬೇಕು. ಥೆರಪಿಸ್ಟ್ ಸಹಿ, ಸೀಲ್ ಬೇಕು. ಅವರ ಆರ್‌ಸಿಐ ನೋಂದಣಿ ಸಂಖ್ಯೆಯನ್ನೂ ಬರೆಸಿ. ಆರ್‌ಸಿಐ ಅಂದರೆ ಭಾರತೀಯ ಪುನರ್ವಸತಿ ಪರಿಷತ್ತು, ಓದಿ ಅರ್ಹತೆ ಪಡೆದ ಥೆರಪಿಸ್ಟ್‌ಗಳ ಹೆಸರು ಅಲ್ಲಿ ನೋಂದಣಿ ಆಗಿರುತ್ತದೆ. ಎಲ್ಲೆಲ್ಲೂ ಥೆರಪಿ ಸೆಂಟರ್ ಬೋರ್ಡು ನೇತಾಡುತ್ತಿರುವ ಈ ಕಾಲದಲ್ಲಿ, ವಿಮೆಗೆ ಬೇಡವಾದರೂ ಈ ಸಂಖ್ಯೆ ಕೇಳುವುದು ನಿಮ್ಮ ಮಗುವಿಗೆ ಒಳ್ಳೆಯದು.

ಇನ್ನೊಂದು. ಈ ವಿಮೆಯ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31. ನೀವು ಡಿಸೆಂಬರಿನಲ್ಲಿ ಸೇರಿದರೂ ಮಾರ್ಚಿಗೆ ಮುಗಿಯುತ್ತದೆ. ಫೆಬ್ರವರಿಯಲ್ಲೇ ನವೀಕರಣ ಮಾಡಿಸಿ. ನ್ಯಾಷನಲ್ ಟ್ರಸ್ಟ್‌ನಲ್ಲಿ ನೋಂದಾಯಿಸಿಕೊಂಡ ಸಂಸ್ಥೆಗಳ ಮೂಲಕ ಅರ್ಜಿ ಹಾಕಿಸಬಹುದು. ನಿಮ್ಮ ಜಿಲ್ಲೆಯ ವಿಶೇಷ ಶಾಲೆಗಳಲ್ಲಿ ಕೇಳಿದರೆ ಯಾರು ಮಾಡಿಕೊಡುತ್ತಾರೆ ಅಂತ ಹೇಳುತ್ತಾರೆ.

ಆಯುಷ್ಮಾನ್ ಕಾರ್ಡ್ ಇದೆ. ಅದರಲ್ಲೇ ಥೆರಪಿ ಆಗಲ್ವಾ?

ಆ ಕಾರ್ಡ್ ಮುಖ್ಯವಾಗಿ ಆಸ್ಪತ್ರೆಗೆ ಸೇರಿ ಪಡೆಯುವ ಚಿಕಿತ್ಸೆಗೆ. ವಾರ ವಾರ ಹೋಗಿ ಬರುವ ಸ್ಪೀಚ್ ಥೆರಪಿಗೆ ಅದನ್ನು ನಂಬಿಕೊಳ್ಳಬೇಡಿ.

ನಮ್ಮ ಮಗುವಿಗೆ ಕಿವಿ ಕೇಳುವುದಿಲ್ಲ. ನಮಗೇನಿದೆ?

ನಿಮಗೆ ದಾರಿ ಬೇರೆ, ಮತ್ತು ಬೇಗ ಹೆಜ್ಜೆ ಇಡಬೇಕು. ಕೇಂದ್ರದ ಅಡಿಪ್ ಯೋಜನೆಯಲ್ಲಿ ಆದಾಯದ ಮಿತಿಯೊಳಗೆ ಇರುವವರಿಗೆ ಶ್ರವಣ ಸಾಧನ ಉಚಿತ. ಐದು ವರ್ಷದೊಳಗಿನ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಕಿವಿಯೊಳಗೆ ಇಡುವ ಯಂತ್ರ) ಕೂಡ ಅದರಲ್ಲಿದೆ. ರಾಜ್ಯದಲ್ಲಿ ಆರು ವರ್ಷದವರೆಗಿನ ಮಕ್ಕಳ ಇಂಪ್ಲಾಂಟಿಗೆ ಶ್ರವಣ ಸಂಜೀವಿನಿ ಅನ್ನುವ ಯೋಜನೆ ಇದೆ. ಜಿಲ್ಲಾಸ್ಪತ್ರೆಯ ಇಎನ್‌ಟಿ ವಿಭಾಗದಲ್ಲಿ ಎರಡರ ಹೆಸರನ್ನೂ ಹೇಳಿ ಕೇಳಿ. ಇಲ್ಲಿ ವಯಸ್ಸೇ ದೊಡ್ಡ ಗೆರೆ. ಅದು ದಾಟಿದರೆ ಲಕ್ಷಾಂತರ ರೂಪಾಯಿ ಕೈಯಿಂದ ಹಾಕಬೇಕಾಗುತ್ತದೆ.

ಆಪರೇಷನ್ ಆದ ಕೂಡಲೇ ಮಗು ಮಾತಾಡುವುದಿಲ್ಲ. ಕೇಳಿದ ಸದ್ದು ಏನು ಅಂತ ಮಗು ಹೊಸದಾಗಿ ಕಲಿಯಬೇಕು, ಅದಕ್ಕೆ ತಿಂಗಳುಗಟ್ಟಲೆ ಥೆರಪಿ ಬೇಕು. ಸಹಿ ಹಾಕುವ ಮೊದಲೇ ಕೇಳಿ: ಥೆರಪಿ ಎಲ್ಲಿ ಕೊಡುತ್ತಾರೆ, ಎಷ್ಟು ತಿಂಗಳು, ಯಾರ ಖರ್ಚು, ಯಂತ್ರದ ವೈರು ಬ್ಯಾಟರಿ ಹಾಳಾದರೆ ಯಾರು ಕೊಡುತ್ತಾರೆ. ಉತ್ತರ ಬರೆದುಕೊಳ್ಳಿ.

ಮಗು ಶಾಲೆಗೆ ಹೋಗುತ್ತಿದೆ. ಶಾಲೆಯ ಮೂಲಕ ಏನಾದರೂ ಸಿಗುತ್ತಾ?

ಸಿಗುತ್ತದೆ, ಆದರೆ ನೀವೇ ಕೇಳಬೇಕು. ಸಮಗ್ರ ಶಿಕ್ಷಣ ಅನ್ನುವ ಶಾಲಾ ಯೋಜನೆಯಲ್ಲಿ ವಿಶೇಷ ಅಗತ್ಯದ ಮಕ್ಕಳಿಗೆ ಅಂತ ಒಂದು ಮಗುವಿಗೆ ವರ್ಷಕ್ಕೆ 3,500 ರೂಪಾಯಿ ಲೆಕ್ಕದಲ್ಲಿ ಅನುದಾನ ಇದೆ. ಅದು ಕೈಗೆ ಬರುವ ದುಡ್ಡಲ್ಲ. ಥೆರಪಿ, ಸಾಧನ, ಸಂಪನ್ಮೂಲ ಶಿಕ್ಷಕರು, ಇಂಥವಕ್ಕೆ ಖರ್ಚಾಗುತ್ತದೆ. ಹೆಣ್ಣುಮಕ್ಕಳಿಗೆ ಮಾತ್ರ ತಿಂಗಳಿಗೆ 200ರಂತೆ 10 ತಿಂಗಳು ಪ್ರೋತ್ಸಾಹಧನ ಉಂಟು. ಶಾಲೆಗೆ ಹೋಗಲು ಆಗದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣ ಇದೆ.

ತಾಲೂಕಿನ ಬಿಆರ್‌ಸಿ ಕಚೇರಿಗೆ (ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರ) ಹೋಗಿ ಬಿಐಇಆರ್‌ಟಿ ಯಾರು ಅಂತ ಕೇಳಿ. ಈ ಮಕ್ಕಳನ್ನು ನೋಡಿಕೊಳ್ಳುವ ಸಂಪನ್ಮೂಲ ಶಿಕ್ಷಕರು ಅವರೇ. ಮಗುವಿನ ಹೆಸರು ಅವರ ಪಟ್ಟಿಯಲ್ಲಿ ಇದೆಯಾ ಅಂತ ಕಣ್ಣಾರೆ ನೋಡಿ. ನಮ್ಮ ಮಗನ ಹೆಸರು ಒಂದು ವರ್ಷ ಪಟ್ಟಿಯಲ್ಲೇ ಇರಲಿಲ್ಲ.

ತಿಂಗಳ ಮಾಸಾಶನ ಮಕ್ಕಳಿಗೂ ಬರುತ್ತಾ?

ಬರುತ್ತದೆ. ಅಂಗವೈಕಲ್ಯ ಶೇ 40ರಿಂದ 75ರವರೆಗೆ ಇದ್ದರೆ ತಿಂಗಳಿಗೆ 800 ರೂಪಾಯಿ, ಅದಕ್ಕಿಂತ ಹೆಚ್ಚಿದ್ದರೆ ಇನ್ನೂ ಜಾಸ್ತಿ. ಕುಟುಂಬದ ಆದಾಯಕ್ಕೆ ಮಿತಿ ಇದೆ. ಅರ್ಜಿ ಕೊಡುವುದು ನಾಡಕಚೇರಿಯಲ್ಲಿ. ಮಗುವಿನ ಹೆಸರಿನಲ್ಲಿ ಖಾತೆ ಇದ್ದು ಆಧಾರ್ ಜೋಡಣೆ ಆಗಿರಲಿ.

ಪಂಚಾಯಿತಿಯಲ್ಲಿ ಶೇ 5ರ ದುಡ್ಡು ಇದೆಯಂತೆ?

ಇದೆ. ಸ್ಥಳೀಯ ಸಂಸ್ಥೆಗಳು ತಮ್ಮ ಅನುದಾನದಲ್ಲಿ ಶೇ 5ನ್ನು ವಿಕಲಚೇತನರಿಗೆ ಮೀಸಲಿಡಬೇಕು. ವೈದ್ಯಕೀಯ ನೆರವು, ಸಾಧನ ಸಲಕರಣೆಗೆ ಅದರಿಂದ ಕೊಡಬಹುದು. ಪಿಡಿಒ ಅವರಿಗೆ ಅರ್ಜಿ ಬರೆದು, ಥೆರಪಿ ಬಿಲ್ಲಿನ ಜೆರಾಕ್ಸ್ ಲಗತ್ತಿಸಿ, ಸ್ವೀಕೃತಿ ಪಡೆಯಿರಿ. ಗ್ರಾಮಸಭೆಯಲ್ಲೂ ಎದ್ದು ಕೇಳಿ. ವರ್ಷದ ಕೊನೆಗೆ ಹೋದರೆ "ಖರ್ಚಾಗಿದೆ" ಅನ್ನುತ್ತಾರೆ, ಏಪ್ರಿಲ್ ಮೇ ತಿಂಗಳಲ್ಲೇ ಕೊಡಿ.

ಓಡಾಟದ ಖರ್ಚೇ ಜಾಸ್ತಿ ಆಗುತ್ತಿದೆ.

ನಿಜ, ಯಾರೂ ಲೆಕ್ಕ ಹಾಕದ ಖರ್ಚು ಇದು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ನನ್ನಂಥ ಅಮ್ಮಂದಿರಿಗೆ ಬಹಳ ಹಗುರಾಯಿತು. ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ ಇಲ್ಲ, ಆರರೊಳಗಿನ ಮಗುವಿಗೂ ಇಲ್ಲ. ವಾರಕ್ಕೆ ಮೂರು ದಿನ ಜಿಲ್ಲಾ ಕೇಂದ್ರಕ್ಕೆ ಹೋಗಿ ಬರುವುದು ಅದರಿಂದ ಆಯಿತು. ರೈಲಿನಲ್ಲಿ ಬುದ್ಧಿಮಾಂದ್ಯ ಇರುವವರಿಗೆ, ಜೊತೆಗೆ ಹೋಗುವ ಒಬ್ಬರಿಗೂ ಸ್ಲೀಪರ್ ದರದಲ್ಲಿ ಶೇ 75 ರಿಯಾಯಿತಿ ಇದೆ. ವಿಕಲಚೇತನರ ಬಸ್ ಪಾಸಿನ ಬಗ್ಗೆ ವಿಆರ್‌ಡಬ್ಲ್ಯು ಅವರನ್ನು ಕೇಳಿ.

ನನ್ನ ಗಂಡನಿಗೆ ಸಂಬಳದಲ್ಲಿ ತೆರಿಗೆ ಹಿಡಿಯುತ್ತಾರೆ. ಅಲ್ಲಿ ಏನಾದರೂ?

ಹಳೆಯ ತೆರಿಗೆ ಪದ್ಧತಿಯಲ್ಲಿ ಇದ್ದರೆ 80ಡಿಡಿ ಅಂತ ಎಲ್ಲರೂ ಕರೆಯುವ ಕಡಿತ ಇದೆ. ಶೇ 40ರಿಂದ 80ರ ಒಳಗೆ ಇದ್ದರೆ 75,000, ಶೇ 80 ಮತ್ತು ಮೇಲೆ 1,25,000 ರೂಪಾಯಿ. ಖರ್ಚು ಎಷ್ಟೇ ಆಗಿರಲಿ, ಪೂರ್ತಿ ಕಡಿತ ಸಿಗುತ್ತದೆ. ಹೊಸ ಪದ್ಧತಿಯಲ್ಲಿ ಇಲ್ಲ. ಎರಡರಲ್ಲಿ ಯಾವುದು ಲಾಭ ಅಂತ ಲೆಕ್ಕ ಮಾಡಿಸಿ ನೋಡಿ.

ಕಾರ್ಡ್ ಮಾಡಿಸಿದರೆ ಮಗುವಿಗೆ ಜೀವನಪೂರ್ತಿ ಹಣೆಪಟ್ಟಿ ಅಂಟುತ್ತದೆ ಅಂತ ಮನೆಯಲ್ಲಿ ಬೇಡ ಅನ್ನುತ್ತಿದ್ದಾರೆ.

ನಮ್ಮನೆಯಲ್ಲೂ ಈ ಮಾತು ಬಂತು. ನನ್ನ ಯಜಮಾನರೇ ಆರು ತಿಂಗಳು ಒಪ್ಪಲಿಲ್ಲ. "ನಾಳೆ ಮಾತು ಬರುತ್ತೆ, ಆಗ ಈ ಕಾರ್ಡ್ ಏನು ಮಾಡ್ತೀಯ?" ಅಂದರು. ನಾನು ಅವರ ಮೇಲೆ ಸಿಟ್ಟು ಮಾಡಿಕೊಂಡೆ. ಈಗ ಅನ್ನಿಸುತ್ತದೆ, ಅವರು ಹೆದರಿದ್ದರು ಅಷ್ಟೇ.

ಕಾರ್ಡ್ ನಿಮ್ಮ ಕಪಾಟಿನಲ್ಲಿ ಇರುತ್ತದೆ. ಬೇಕಾದ ಕಡೆ ತೋರಿಸುತ್ತೀರಿ, ಬೇಡವಾದ ಕಡೆ ತೋರಿಸುವುದಿಲ್ಲ. ಮಗು ಸುಧಾರಿಸಿದರೆ ಮುಂದಿನ ಪರೀಕ್ಷೆಯಲ್ಲಿ ಪ್ರಮಾಣ ಕಡಿಮೆ ಆಗುತ್ತದೆ, ಸಣ್ಣ ಮಕ್ಕಳಿಗೆ ಮರುಪರೀಕ್ಷೆ ಇಟ್ಟಿರುವುದೇ ಅದಕ್ಕೆ. ಊರಿನವರು ಮಾತಾಡುವುದು ಕಾರ್ಡ್ ನೋಡಿ ಅಲ್ಲ. ಜಾತ್ರೆಯಲ್ಲಿ ಮಗು ಕಿವಿ ಮುಚ್ಚಿಕೊಂಡು ಕಿರುಚಿದಾಗ ಅವರು ಆಗಲೇ ಮಾತಾಡಿರುತ್ತಾರೆ.

ಮನೆಯಲ್ಲಿ ಕನ್ನಡ ಬಿಟ್ಟು ಇಂಗ್ಲಿಷಿನಲ್ಲೇ ಮಾತಾಡಿ ಅಂತ ಶಾಲೆಯವರು ಹೇಳಿದರು.

ಮಗು ಮೊದಲು ಕಲಿಯುವುದು ಮನೆಯವರು ಮನಸಾರೆ ಆಡುವ ಮಾತನ್ನು. ಎರಡು ಭಾಷೆ ಕೇಳುವುದರಿಂದ ಆಟಿಸಂ ಬರುವುದಿಲ್ಲ, ಮಾತೂ ನಿಲ್ಲುವುದಿಲ್ಲ. ಅಜ್ಜಿಗೆ ಬಾರದ ಭಾಷೆಯಲ್ಲಿ ಥೆರಪಿ ಮಾಡಿಸಿದರೆ ಅಜ್ಜಿ ಮನೆಯಲ್ಲಿ ಅದನ್ನು ಮುಂದುವರಿಸುವುದು ಹೇಗೆ? ಕನ್ನಡದಲ್ಲೇ ಥೆರಪಿ ಬೇಕು ಅಂತ ಕೇಳಿ. ಸರ್ಕಾರಿ ಜಾಗಗಳಲ್ಲಿ ಅದು ಸಲೀಸಾಗಿ ಸಿಗುತ್ತದೆ, ಇದೂ ಅಲ್ಲಿಗೆ ಹೋಗಲು ಒಂದು ಕಾರಣ.

ಯಾವ ಯಾವ ಕಾಗದ ಇಟ್ಟುಕೊಂಡಿರಬೇಕು?

ಒಂದು ಗಟ್ಟಿ ಫೈಲ್ ತನ್ನಿ. ಮಗುವಿನ ಆಧಾರ್, ಜನನ ಪ್ರಮಾಣಪತ್ರ, ತಾಯಿ ಕಾರ್ಡ್, ರೇಷನ್ ಕಾರ್ಡ್, ಆದಾಯ ಪ್ರಮಾಣಪತ್ರ, ಪಾಸ್‌ಬುಕ್ಕಿನ ಮೊದಲ ಪುಟ, ಕಿವಿ ಪರೀಕ್ಷೆ ವರದಿ, ಸೈಕಾಲಜಿಸ್ಟ್ ವರದಿ, ಯುಡಿಐಡಿ ಕಾರ್ಡ್, ಎಲ್ಲದರ ಐದೈದು ಜೆರಾಕ್ಸ್, ಹತ್ತು ಫೋಟೋ. ಕ್ಲೇಮಿಗೆ ಕಳಿಸುವ ಬಿಲ್ಲು ಬಿಟ್ಟು ಬೇರೆ ಯಾವುದರ ಮೂಲ ಪ್ರತಿಯನ್ನೂ ಯಾರಿಗೂ ಕೊಡಬೇಡಿ. ಎಲ್ಲವನ್ನೂ ಮೊಬೈಲಿನಲ್ಲಿ ಫೋಟೋ ತೆಗೆದಿಡಿ.

ಫೈಲಿನ ಮೊದಲ ಪುಟದಲ್ಲಿ ಒಂದು ಬಿಳಿ ಹಾಳೆ ಇರಲಿ. ಯಾವ ಕಚೇರಿಗೆ ಯಾವತ್ತು ಹೋದಿರಿ, ಯಾರು ಏನಂದರು, ಮತ್ತೆ ಯಾವಾಗ ಬರಲು ಹೇಳಿದರು, ಎಲ್ಲವನ್ನೂ ಅವತ್ತೇ ಬರೆಯಿರಿ. ಅದೇ ಹಾಳೆಯ ಹಿಂದೆ ನಾನು ಮಗ ಹೊಸದಾಗಿ ಹೇಳಿದ ಪದಗಳನ್ನು ತಾರೀಕು ಹಾಕಿ ಬರೆಯುತ್ತಾ ಬಂದೆ. ಮೊದಲ ವರ್ಷ ನಾಲ್ಕು ಪದ. ಈಗ ಹಾಳೆ ಸಾಲದೆ ನೋಟ್‌ಬುಕ್ ತಂದಿದ್ದೇನೆ. ಎರಡನೇ ಸಲ ಬೋರ್ಡಿನ ಮುಂದೆ ಹೋದಾಗ ಡಾಕ್ಟರ್ ಮೊದಲು ಕೇಳಿ ತೆಗೆದುಕೊಂಡದ್ದು ಆ ನೋಟ್‌ಬುಕ್ಕನ್ನೇ.